ತೊಗಟೆಯ ಕೆಳಗಿನ ಲೆಕ್ಕ

ದ್ರಾಕ್ಷಿ ಗೊಂಚಲಿನಲ್ಲಿ ಹಿಟ್ಟು ತಿಗಣೆ ಕಣ್ಣಿಗೆ ಬೀಳುವ ಹೊತ್ತಿಗೆ ಬೆಳೆಗಾರನ ಮುಂದೆ ಹೆಚ್ಚು ದಾರಿಗಳು ಉಳಿದಿರುವುದಿಲ್ಲ. ಕಾಯಿಗೆ ಸಿಹಿ ಇಳಿಯುತ್ತಿರುತ್ತದೆ, ಕೊಯ್ಲಿಗೆ ಮೂರೋ ನಾಲ್ಕೋ ವಾರ ಬಾಕಿ ಇರುತ್ತದೆ. ಔಷಧಿ ಹೊಡೆದರೆ ಅದರ ಅಂಶ ಹಣ್ಣಿನಲ್ಲೇ ಉಳಿಯುತ್ತದೆ. ಹೊಡೆಯದೆ ಬಿಟ್ಟರೆ ತಿಗಣೆ ಒಸರುವ ಸಿಹಿ ಅಂಟು ಹಣ್ಣಿನಿಂದ ಹಣ್ಣಿಗೆ ಇಳಿದು, ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಅಂಥ ಗೊಂಚಲನ್ನು ಪೇಟೆಯ ವ್ಯಾಪಾರಿ ಮುಟ್ಟುವುದಿಲ್ಲ. ಒಣದ್ರಾಕ್ಷಿ ಶೆಡ್ಡಿಗೆ ಹಾಕಿದರೂ ಒಳ್ಳೆಯ ಮಾಲು ಬರುವುದಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಈ ಸಂಕಟ ಎಲ್ಲರಿಗೂ ಗೊತ್ತಿರುವಂಥದ್ದು.

ಆದರೆ ಗೊಂಚಲಿನಲ್ಲಿ ಕಂಡ ಆ ಹುಳ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಹೆಣ್ಣು ತಿಗಣೆಗೆ ರೆಕ್ಕೆಯೇ ಇಲ್ಲ. ಅದರ ಹಿಂದಿನ ಹಲವು ತಲೆಮಾರುಗಳು ಅದೇ ಬಳ್ಳಿಯ ಸಡಿಲ ತೊಗಟೆಯ ಕೆಳಗೆ, ಕವಲಿನ ಸಂದಿಯಲ್ಲಿ, ಬುಡದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿದ್ದವು. ಯಾರೂ ಅಲ್ಲಿ ನೋಡಿರಲಿಲ್ಲ, ಅಷ್ಟೆ.

ದ್ರಾಕ್ಷಿಯ ಕೀಟಗಳ ವಿಷಯದಲ್ಲಿ ಕಳೆದ ನೂರೈವತ್ತು ವರ್ಷಗಳ ವಿಜ್ಞಾನ ಕಲಿಸಿದ್ದರಲ್ಲಿ ಬಹುಪಾಲು ಈ ನೋಡುವ ಕೆಲಸಕ್ಕೇ ಸಂಬಂಧಿಸಿದ್ದು. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು, ಎಷ್ಟು ಕಂಡರೆ ಹೆದರಬೇಕು, ಎಷ್ಟು ಕಂಡರೂ ಸುಮ್ಮನಿರಬಹುದು ಎಂಬ ಲೆಕ್ಕ ಅದು. ಔಷಧಿಯ ಮಾತು ಆಮೇಲಿನದು.

ಈ ಹಿಟ್ಟು ತಿಗಣೆಯ ವೈಜ್ಞಾನಿಕ ಹೆಸರು ಮ್ಯಾಕೊನೆಲಿಕಾಕಸ್ ಹಿರ್ಸುಟಸ್. 1908ರಲ್ಲಿ ಇದನ್ನು ಮೊದಲು ವಿವರಿಸಿದ ಅರ್ನೆಸ್ಟ್ ಗ್ರೀನ್ ಅವರ ಕೈಯಲ್ಲಿದ್ದ ಮಾದರಿಗಳು ಭಾರತದವು. ಹೆಣ್ಣು ಮೂರು ಮಿಲಿಮೀಟರಿನಷ್ಟು ಉದ್ದ, ಮೈಮೇಲೆ ಬಿಳಿ ಮೇಣದ ಹುಡಿ, ಹಿಚುಕಿದರೆ ಗುಲಾಬಿ ಬಣ್ಣದ ರಸ. ಮೇಣದ ಎಳೆಗಳಿಂದ ನೇಯ್ದ ಚೀಲದಲ್ಲಿ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ಐನೂರರವರೆಗೂ ಇಡುವುದುಂಟು. ವಾರದೊಳಗೆ ಮರಿಗಳು ಹೊರಬಂದು ಹರಿದಾಡುತ್ತವೆ. ಬೆಚ್ಚನೆಯ ದಿನಗಳಲ್ಲಿ ಒಂದು ತಲೆಮಾರು ಮುಗಿಯಲು ತಿಂಗಳು ಸಾಕು. ದಾಸವಾಳ, ಸೀತಾಫಲ, ಬೆಂಡೆ, ಹತ್ತಿ ಎಲ್ಲದರ ಮೇಲೂ ಇದು ಬದುಕುತ್ತದೆ. ಹಿಪ್ಪುನೇರಳೆಯ ಕುಡಿಗಳು ಮುದುಡಿ ಗಂಟಾಗುವ ತುಕ್ರಾ ರೋಗ ರೇಷ್ಮೆ ಬೆಳೆಗಾರರಿಗೆ ಚೆನ್ನಾಗಿ ಪರಿಚಿತ. ಅದಕ್ಕೂ ಇದೇ ತಿಗಣೆ ಕಾರಣ. ರಸ ಹೀರುವಾಗ ಅದು ಬಿಡುವ ಜೊಲ್ಲು ಕುಡಿಗೆ ವಿಷ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಹಿಪ್ಪುನೇರಳೆ ಹೊಲವೂ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರವೂ ಅಕ್ಕಪಕ್ಕದಲ್ಲೇ ಇರುತ್ತವೆ. ಒಬ್ಬರ ಬದುವಿನಲ್ಲಿ ಬಿಟ್ಟ ಹುಳ ಇನ್ನೊಬ್ಬರ ತೋಟಕ್ಕೆ ಹೋಗಲು ಹೆಚ್ಚು ದೂರವಿಲ್ಲ. ಮರಿಗಳು ಗಾಳಿಯಲ್ಲಿ ತೇಲುತ್ತವೆ, ಕೂಲಿಯವರ ಬಟ್ಟೆಗೂ ಬುಟ್ಟಿಗೂ ಅಂಟಿಕೊಂಡು ಸಾಗುತ್ತವೆ.

ನಮ್ಮ ದ್ರಾಕ್ಷಿಯ ಕೀಟಗಳನ್ನು ಅರ್ಥಮಾಡಿಕೊಳ್ಳಲು ನಮ್ಮ ಚಾಟ್ನಿಯನ್ನೂ, ಅಂದರೆ ಬಳ್ಳಿ ಕತ್ತರಿಸುವ ಕ್ರಮವನ್ನೂ, ಅರ್ಥಮಾಡಿಕೊಳ್ಳಬೇಕು. ಫ್ರಾನ್ಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ದಖ್ಖನಿನ ಬಿಸಿಲಿನಲ್ಲಿ ಅಂಥ ನಿದ್ದೆ ಇಲ್ಲ. ಅದಕ್ಕಾಗಿ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಕತ್ತರಿಸುತ್ತಾರೆ. ಏಪ್ರಿಲ್ ಚಾಟ್ನಿಯಿಂದ ಮುಂದಿನ ಬೆಳೆಯನ್ನು ಹೊರುವ ಕಡ್ಡಿ ತಯಾರಾಗುತ್ತದೆ. ಅಕ್ಟೋಬರ್ ಚಾಟ್ನಿಯಿಂದ ಗೊಂಚಲು ಬರುತ್ತದೆ. ಬಳ್ಳಿ ವರ್ಷವಿಡೀ ಹಸಿರಾಗಿರುತ್ತದೆ, ವರ್ಷಕ್ಕೆರಡು ಸಲ ಎಳೆ ಚಿಗುರು ಒಡೆಯುತ್ತದೆ. ರಸ ಹೀರುವ ಹುಳಕ್ಕೂ ಚಿಗುರು ಕೆರೆಯುವ ದುಂಬಿಗೂ ಊಟ ಇಲ್ಲದ ತಿಂಗಳೇ ಇಲ್ಲ. ಆದ್ದರಿಂದ ಹೊರದೇಶದ ಪುಸ್ತಕದಲ್ಲಿ ಬರೆದಿರುವ ಕೀಟಗಳ ಪಂಚಾಂಗ ಇಲ್ಲಿ ನಡೆಯುವುದಿಲ್ಲ. ಇಲ್ಲಿ ದಿನ ಎಣಿಸುವುದು ಚಾಟ್ನಿಯಿಂದ. ಚಾಟ್ನಿಯಾಗಿ ಹತ್ತನೆಯ ದಿನ, ನಲವತ್ತನೆಯ ದಿನ, ತೊಂಬತ್ತನೆಯ ದಿನ ಎಂದು ಲೆಕ್ಕ ಹಾಕಿದರೆ ಯಾವ ಹುಳ ಯಾವಾಗ ಬರಬಹುದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲ ಹತ್ತು ಹದಿನೈದು ದಿನ ಚಿಗಟ ದುಂಬಿಯ ಕಾಲ. ಇದು ಕಂಚಿನ ಹೊಳಪಿನ ಪುಟ್ಟ ದುಂಬಿ, ಶಾಸ್ತ್ರೀಯ ಹೆಸರು ಸ್ಕೆಲೊಡಾಂಟ ಸ್ಟ್ರಿಜಿಕಾಲಿಸ್. ಆಗಷ್ಟೇ ಉಬ್ಬುತ್ತಿರುವ ಕಣ್ಣುಗಳನ್ನು ಇದು ಕೆರೆದು ತಿನ್ನುತ್ತದೆ. ಒಂದು ಕಣ್ಣು ಹೋದರೆ ಅದರಿಂದ ಬರಬೇಕಾಗಿದ್ದ ಚಿಗುರೂ ಗೊಂಚಲೂ ಹೋದಂತೆ. ಹಾಗಾಗಿ ಈ ದಿನಗಳಲ್ಲಿ ಹುಳದ ಸಂಖ್ಯೆ ಕಡಿಮೆಯಿದ್ದರೂ ನಷ್ಟ ದೊಡ್ಡದು. ಅದೇ ದುಂಬಿ ಎರಡು ತಿಂಗಳ ನಂತರ ಬಂದು ಬಲಿತ ಎಲೆಯಲ್ಲಿ ನಾಲ್ಕು ತೂತು ಮಾಡಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮುಟ್ಟಿದರೆ ಸತ್ತಂತೆ ನಟಿಸಿ ನೆಲಕ್ಕೆ ಉದುರುವುದು ಇದರ ಸ್ವಭಾವ. ಬೆಳಗಿನ ತಂಪಿನಲ್ಲಿ ಬಳ್ಳಿಯ ಕೆಳಗೆ ಬಟ್ಟೆ ಹಿಡಿದು ಕೊಡವಿದರೆ ಎಷ್ಟು ಬಿದ್ದವು ಎಂದು ಎಣಿಸಬಹುದು, ಬಿದ್ದದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬಹುದು. ಎಣಿಕೆಯೂ ಹತೋಟಿಯೂ ಒಂದೇ ಕೈಕೆಲಸದಲ್ಲಿ ಮುಗಿಯುವ ಅಪರೂಪದ ಸಂದರ್ಭ ಇದು.

ಹೂ ಬಿಡುವ ಹೊತ್ತಿಗೆ ಥ್ರಿಪ್ಸ್. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿ ಇದು. ಎಳೆ ಕಾಯಿಯ ಸಿಪ್ಪೆಯನ್ನು ಕೆರೆದು ರಸ ಹೀರುತ್ತದೆ. ಕಾಯಿ ದಪ್ಪವಾದಂತೆ ಆ ಗಾಯವೂ ಹಿಗ್ಗಿ ಕಂದು ಬಣ್ಣದ ಒರಟು ಕಲೆಯಾಗುತ್ತದೆ. ರುಚಿಗೆ ಏನೂ ಆಗಿರುವುದಿಲ್ಲ, ಆದರೆ ಪೆಟ್ಟಿಗೆಯಲ್ಲಿ ಕಲೆ ಕಂಡ ಗೊಂಚಲಿಗೆ ಬೆಲೆ ಬಿದ್ದುಹೋಗುತ್ತದೆ. ಕಲೆ ಕಾಣುವಾಗ ಥ್ರಿಪ್ಸ್ ಹೋಗಿ ಎಷ್ಟೋ ದಿನವಾಗಿರುತ್ತದೆ. ಆಗ ಸಿಂಪಡಿಸುವುದು ದುಡ್ಡು ಸುರಿದಂತೆ ಮಾತ್ರ. ಇದನ್ನು ಹಿಡಿಯುವ ಸಾಧನ ಒಂದು ಬಿಳಿ ಹಾಳೆ. ಹಾಳೆಯನ್ನು ಅಂಗೈ ಮೇಲಿಟ್ಟು, ಹೂಗೊಂಚಲನ್ನು ಅದರ ಮೇಲೆ ಎರಡು ಮೂರು ಸಲ ಮೆಲ್ಲಗೆ ತಟ್ಟಬೇಕು. ಹೂವಿನ ಪುಡಿ ಸುಮ್ಮನೆ ಬಿದ್ದಿರುತ್ತದೆ. ಅದರ ನಡುವೆ ನಸುಹಳದಿ ಗೆರೆಯಂಥ ಚೂರುಗಳು ಓಡತೊಡಗಿದರೆ ಅವು ಥ್ರಿಪ್ಸ್. ನೂರು ರೂಪಾಯಿಯ ಭೂತಗನ್ನಡಿ ಕಿಸೆಯಲ್ಲಿದ್ದರೆ ಇನ್ನೂ ಚೆನ್ನ.

ಕಾಂಡ ಕೊರಕದ ಕತೆ ಬೇರೆ. ಸೆಲೊಸ್ಟರ್ನ ಸ್ಕ್ಯಾಬ್ರೇಟರ್ ಎಂಬ ಉದ್ದ ಮೀಸೆಯ ಈ ದುಂಬಿಯನ್ನು ಅರಣ್ಯ ಇಲಾಖೆಯವರು ಜಾಲಿ ಮರದ ಕೀಟವೆಂದು ಹಿಂದಿನಿಂದಲೂ ಬಲ್ಲರು. ಬಯಲುಸೀಮೆಯ ಬದುಗಳಲ್ಲಿ ಜಾಲಿ ಎಲ್ಲ ಕಡೆ ಇದೆ, ಅದರ ಪಕ್ಕದಲ್ಲಿ ದ್ರಾಕ್ಷಿ ಬಂತು. ದುಂಬಿ ಬಳ್ಳಿಯ ಕಾಂಡದಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೊಳಗೇ ತಿಂಗಳುಗಟ್ಟಲೆ ಕೊರೆಯುತ್ತದೆ. ಹೊರಗೆ ಕಾಣುವ ಗುರುತು ಒಂದೇ, ಬುಡದ ಬಳಿ ಬಿದ್ದ ಮರದ ಹೊಟ್ಟು. ಮುಂಗಾರಿನ ಮೊದಲ ಮಳೆಗಳ ನಂತರ ದುಂಬಿ ಹೊರಬರುತ್ತದೆ. ಆ ವಾರಗಳಲ್ಲಿ ತೋಟದಲ್ಲಿ ದೀಪದ ಬಲೆ ಇಟ್ಟವರು ಅವನ್ನು ಹಿಡಿದಿದ್ದಾರೆ. ಮಳೆ ಬಿದ್ದ ಮೇಲೆ ಬುಡಗಳನ್ನು ಒಮ್ಮೆ ಸುತ್ತಿ ನೋಡದ ಬೆಳೆಗಾರನಿಗೆ ಬಳ್ಳಿ ಒಣಗಿದಾಗಲೇ ವಿಷಯ ತಿಳಿಯುವುದು.

ಇಷ್ಟೆಲ್ಲ ನೋಡುವ ಬದಲು ಹದಿನೈದು ದಿನಕ್ಕೊಮ್ಮೆ ಹೊಡೆದುಬಿಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. ಬಹಳ ತೋಟಗಳಲ್ಲಿ ನಡೆಯುವುದೂ ಅದೇ. ದಾವಣಿ ರೋಗಕ್ಕೆ, ಬೂದಿ ರೋಗಕ್ಕೆ ಎಂದು ದ್ರಾಕ್ಷಿಗೆ ಮೇಲಿಂದ ಮೇಲೆ ಶಿಲೀಂಧ್ರನಾಶಕ ಹೊಡೆಯಬೇಕಾಗುತ್ತದೆ. ಟ್ರ್ಯಾಕ್ಟರ್ ಹೇಗೂ ತೋಟಕ್ಕೆ ಹೋಗುತ್ತಿದೆಯಲ್ಲ ಎಂದು ಅದೇ ಟ್ಯಾಂಕಿಗೆ ಒಂದು ಕೀಟನಾಶಕವನ್ನೂ ಸುರಿಯುವ ಅಭ್ಯಾಸ ಬೆಳೆದುಬಂದಿದೆ. ಖರ್ಚು ಉಳಿಯಿತೆಂದು ಅನ್ನಿಸುತ್ತದೆ. ಉಳಿಯುವುದಿಲ್ಲ. ಹಿಟ್ಟು ತಿಗಣೆಗೆ ಮೇಣದ ಹೊದಿಕೆಯಿದೆ, ಮೊಟ್ಟೆಗೆ ಮೇಣದ ಚೀಲವಿದೆ, ಅದರ ಮೇಲೆ ತೊಗಟೆಯಿದೆ. ಮೂರನ್ನೂ ದಾಟಿ ಔಷಧಿ ತಲುಪುವುದು ಅಲ್ಪಸ್ವಲ್ಪ. ಆದರೆ ತಿಗಣೆಯನ್ನು ತಿನ್ನುವ ಗುಲಗಂಜಿ ಹುಳ, ಅದರ ಮೈಯೊಳಗೆ ಮೊಟ್ಟೆ ಇಡುವ ಪುಟ್ಟ ಕಣಜ ಬಯಲಿನಲ್ಲಿ ಓಡಾಡುತ್ತವೆ, ಮೊದಲು ಸಾಯುವುದು ಅವೇ. ಕೆಲವು ಬಗೆಯ ಕೀಟನಾಶಕಗಳನ್ನು ಪದೇ ಪದೇ ಹೊಡೆದ ತೋಟದಲ್ಲಿ ಕೆಂಪು ಮೈಟ್ ನುಸಿ ಏಕಾಏಕಿ ಹೆಚ್ಚುವುದಕ್ಕೂ ಇದೇ ಕಾರಣ. ಮೈಟ್ ತಿನ್ನುವ ಜೀವಿಗಳು ಇಲ್ಲವಾಗಿರುತ್ತವೆ. ಆಗ ಮೈಟಿಗೆಂದು ಇನ್ನೊಂದು ಔಷಧಿ ಬೇಕು.

ಎಲ್ಲಿ ನೋಡಬೇಕೆಂಬುದು ತಿಳಿಯದಿದ್ದರೆ ಪಂಡಿತರೂ ಎಡವುತ್ತಾರೆ. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳು ಕಾರಣ ತಿಳಿಯದೆ ಒಣಗತೊಡಗಿದವು. ಮಣ್ಣಿನ ದೋಷವೆಂದವರಿದ್ದರು, ಹವೆಯ ದೋಷವೆಂದವರಿದ್ದರು. 1868ರ ಜುಲೈಯಲ್ಲಿ ಮೊಂಪೆಲಿಯೆಯ ಸಸ್ಯವಿಜ್ಞಾನಿ ಜೂಲ್ ಎಮಿಲ್ ಪ್ಲಾಂಶೋನ್ ಮತ್ತು ಅವರ ಜೊತೆಗಾರರಾದ ಬಾಜೀಯ್, ಸಾಹು ಇವರ ತಂಡ ಸೇಂಟ್ ಮಾರ್ಟಿನ್ ದ ಕ್ರೋ ಎಂಬಲ್ಲಿಗೆ ಹೋಯಿತು. ಸತ್ತ ಬಳ್ಳಿಗಳ ಬೇರು ಕಿತ್ತು ನೋಡಿದರೆ ಅಲ್ಲಿ ಏನೂ ಇಲ್ಲ. ಇನ್ನೂ ಹಸಿರಾಗಿದ್ದ ಬಳ್ಳಿಯೊಂದನ್ನು ಕಿತ್ತಾಗ ಬೇರಿನ ತುಂಬ ಹಳದಿ ಹುಳಗಳು. ಬೇರು ಸತ್ತ ಮೇಲೆ ಆ ಹುಳ ಅಲ್ಲಿರುವುದಿಲ್ಲ, ಪಕ್ಕದ ಜೀವಂತ ಬೇರಿಗೆ ಹೋಗಿರುತ್ತದೆ. ಅಲ್ಲಿಯವರೆಗೆ ಎಲ್ಲರೂ ಸತ್ತ ಬಳ್ಳಿಯನ್ನೇ ಪರೀಕ್ಷಿಸುತ್ತಿದ್ದರು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಆ ಕೀಟ ಯುರೋಪಿನ ದ್ರಾಕ್ಷಿಯನ್ನು ಬಹುಮಟ್ಟಿಗೆ ಮುಗಿಸಿತು. ಕೊನೆಗೆ ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ತಳಿಯನ್ನು ಕಸಿ ಮಾಡಿದ್ದರಿಂದ ಬೆಳೆ ಉಳಿಯಿತು. ರೋಗಿಯಂತೆ ಕಾಣುವ ಬಳ್ಳಿಯ ಪಕ್ಕದ, ಆರೋಗ್ಯದಿಂದಿರುವಂತೆ ಕಾಣುವ ಬಳ್ಳಿಯನ್ನು ನೋಡುವುದು ಇಂದಿಗೂ ಕೀಟ ಸಮೀಕ್ಷೆಯ ಮೊದಲ ಪಾಠಗಳಲ್ಲೊಂದು.

ಎಷ್ಟು ಕಂಡರೆ ಹೊಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ತಡವಾಗಿ. 1959ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟರ್ನ್, ಸ್ಮಿತ್, ವ್ಯಾನ್ ಡೆನ್ ಬಾಷ್ ಮತ್ತು ಹೇಗನ್ ಸೇರಿ ಬರೆದ ಪ್ರಬಂಧ ಆರ್ಥಿಕ ನಷ್ಟದ ಮಟ್ಟ ಎಂಬ ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟಿತು. ಹುಳದಿಂದ ಆಗುವ ನಷ್ಟ ಅದನ್ನು ತಡೆಯುವ ಖರ್ಚನ್ನು ಮೀರುವಂತಿದ್ದರೆ ಮಾತ್ರ ಕೈ ಹಾಕಬೇಕು, ಅದಕ್ಕಿಂತ ಕೆಳಗಿದ್ದರೆ ಹುಳದ ಶತ್ರುಗಳಿಗೆ ಕೆಲಸ ಬಿಡಬೇಕು ಎಂಬುದು ಅದರ ತಿರುಳು. ಹೇಳುವುದು ಸುಲಭ, ಮಾಡಲು ಎಣಿಕೆ ಬೇಕು. ತೋಟದ ಅಂಚಿನ ಸಾಲು, ನಡುವಿನ ಸಾಲು, ದುಂಬಿ ಮೊದಲು ಬರುವ ಮೂಲೆ ಎಲ್ಲವನ್ನೂ ಹಾವು ಹರಿದಂತೆ ಸುತ್ತಿ, ಪ್ರತಿ ವಾರವೂ ಒಂದಿಷ್ಟು ಬಳ್ಳಿಗಳನ್ನು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ತಿಗಣೆ ಕಂಡ ಬಳ್ಳಿಗೆ ಒಂದು ಬಣ್ಣದ ದಾರ ಕಟ್ಟಬೇಕು. ತಿಗಣೆ ತೋಟವಿಡೀ ಸಮನಾಗಿ ಹರಡುವುದಿಲ್ಲ. ಕೆಲವು ಬಳ್ಳಿಗಳಲ್ಲಿ ಗುಂಪು ಕಟ್ಟುತ್ತದೆ. ಹಿಂದಿನ ವರ್ಷ ದಾರ ಕಟ್ಟಿದ್ದ ಬಳ್ಳಿಯಲ್ಲೇ ಈ ವರ್ಷವೂ ಮೊದಲು ಕಾಣಿಸುವ ಸಾಧ್ಯತೆ ಹೆಚ್ಚು. ಎಕರೆಗಟ್ಟಲೆ ಹೊಡೆಯುವ ಬದಲು ದಾರವಿದ್ದ ಬಳ್ಳಿಗಳಿಗೆ ಮಾತ್ರ ಕೈ ಹಾಕಿದರೆ ಸಾಕಾಗುವ ವರ್ಷಗಳಿವೆ.

ಈ ಸುತ್ತಾಟದಲ್ಲಿ ಇರುವೆಗಳನ್ನು ನೋಡುವುದು ಬಲ್ಲವರ ಅಭ್ಯಾಸ. ಕಾಂಡದ ಮೇಲೆ ಇರುವೆಗಳ ಸಾಲು ಹತ್ತಿ ಇಳಿಯುತ್ತಿದ್ದರೆ ಮೇಲೆಲ್ಲೋ ತಿಗಣೆ ಇದೆಯೆಂದು ಅರ್ಥ. ತಿಗಣೆ ಒಸರುವ ಸಿಹಿಗಾಗಿ ಇರುವೆ ಬರುತ್ತದೆ, ಬಂದದ್ದು ತಿಗಣೆಯನ್ನು ಕಾಯುತ್ತದೆ ಕೂಡ. ಕಣಜ, ಗುಲಗಂಜಿ ಹುಳ ಹತ್ತಿರ ಬಂದರೆ ಕಚ್ಚಿ ಓಡಿಸುತ್ತದೆ. ಇರುವೆಯ ಸಾಲನ್ನು ಹಿಂಬಾಲಿಸಿ ಹೋಗಿ, ಅದು ಮಾಯವಾಗುವ ಜಾಗದಲ್ಲಿ ತೊಗಟೆಯ ಪದರವನ್ನು ಬೆರಳಿನಿಂದ ಎತ್ತಿದರೆ ಸಾಕು. ಒಳಗೆ ಬಿಳಿ ಹತ್ತಿಯಂಥ ಚೀಲಗಳು, ಅವುಗಳ ನಡುವೆ ಗುಲಾಬಿ ಮೊಟ್ಟೆಗಳು ಕಾಣುತ್ತವೆ. ಚಾಟ್ನಿಯಾದ ತಕ್ಷಣ ಸಡಿಲ ತೊಗಟೆಯನ್ನು ಸುಲಿದು, ಉದುರಿದ್ದನ್ನು ತೋಟದಲ್ಲೇ ಬಿಡದೆ ಸುಟ್ಟುಹಾಕಿ, ಬುಡದ ಇರುವೆ ಗೂಡುಗಳನ್ನು ತೆಗೆದ ತೋಟ ಅರ್ಧ ಕೆಲಸ ಮುಗಿಸಿದಂತೆ.

ಹವೆಯೂ ಸುಳಿವು ಕೊಡುತ್ತದೆ. ಹದಿನಾಲ್ಕು, ಹದಿನೈದು ಡಿಗ್ರಿ ಸೆಲ್ಸಿಯಸಿನ ಕೆಳಗೆ ಈ ತಿಗಣೆಯ ಬೆಳವಣಿಗೆ ಬಹುಮಟ್ಟಿಗೆ ನಿಂತುಬಿಡುತ್ತದೆ. ಇಪ್ಪತ್ತೊಂಬತ್ತರ ಸುಮಾರಿಗೆ ಅತಿ ವೇಗವಾಗಿ ಬೆಳೆಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಅದು ತೊಗಟೆಯ ಕೆಳಗೆ ಮೆಲ್ಲಗೆ ಬದುಕುತ್ತಿರುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಏರುತ್ತಿದ್ದಂತೆ, ಕಾಯಿ ಮೆತ್ತಗಾಗುವ ಸಮಯಕ್ಕೆ ಸರಿಯಾಗಿ, ಸಂಖ್ಯೆ ಜಿಗಿಯುತ್ತದೆ. ಜನವರಿಯ ಎಣಿಕೆಗೆ ಅಷ್ಟು ಬೆಲೆಯಿರುವುದು ಇದಕ್ಕೇ. ಹೆಣ್ಣಿಗೆ ರೆಕ್ಕೆಯಿಲ್ಲದಿದ್ದರೂ ಗಂಡಿಗೆ ಇದೆ. ಹೆಣ್ಣು ಬಿಡುವ ವಾಸನೆಯ ಜಾಡು ಹಿಡಿದು ಅದು ಹಾರಿಬರುತ್ತದೆ. ಆ ವಾಸನೆಯ ರಾಸಾಯನಿಕವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು. ಅದನ್ನು ಲೇಪಿಸಿದ ಮೋಹಕ ಬಲೆಯಲ್ಲಿ ಬಿದ್ದ ಗಂಡುಗಳನ್ನು ಎಣಿಸಿದರೆ, ತೊಗಟೆಯ ಕೆಳಗೆ ಎಷ್ಟು ಹೆಣ್ಣುಗಳಿರಬಹುದು ಎಂಬ ಅಂದಾಜು ಬಹಳ ಮೊದಲೇ ಸಿಗುತ್ತದೆ.

ಮೋಹಕ ಬಲೆಯ ಶಕ್ತಿ ಎಷ್ಟೆಂಬುದಕ್ಕೆ ಕ್ಯಾಲಿಫೋರ್ನಿಯಾದ ನಾಪಾ ಕಣಿವೆ ಒಳ್ಳೆಯ ನಿದರ್ಶನ. ಯುರೋಪಿನ ದ್ರಾಕ್ಷಿ ಪತಂಗ ಲೊಬೇಸಿಯ ಬೊಟ್ರಾನ ಅಲ್ಲಿ 2009ರಲ್ಲಿ ಪತ್ತೆಯಾಯಿತು. ಊರೆಲ್ಲ ಬಲೆ ಕಟ್ಟಿದರು. 2010ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪತಂಗಗಳು ಬಿದ್ದವು. ಬಲೆಯ ಲೆಕ್ಕ ನೋಡಿ ಯಾವ ವಾರ ಮೊಟ್ಟೆಯೊಡೆಯುತ್ತದೆಂದು ತಿಳಿದು, ಆ ವಾರಕ್ಕಷ್ಟೇ ಸರಿಯಾಗಿ ಸಿಂಪಡಿಸಿದರು. ತೋಟಗಳ ತುಂಬ ಹೆಣ್ಣಿನ ವಾಸನೆಯ ತುಂಡುಗಳನ್ನು ಕಟ್ಟಿ ಗಂಡುಗಳ ದಾರಿ ತಪ್ಪಿಸಿದರು. ಮರುವರ್ಷ ಬಿದ್ದದ್ದು ಇನ್ನೂರಕ್ಕಿಂತ ಕಡಿಮೆ. 2014ರಲ್ಲಿ ಒಂದೇ ಒಂದು. 2016ರಲ್ಲಿ ಆ ಕೀಟ ನಿರ್ಮೂಲವಾಯಿತೆಂದು ಸರ್ಕಾರ ಘೋಷಿಸಿತು. ಒಬ್ಬಿಬ್ಬರ ತೋಟದಲ್ಲಿ ಮಾಡಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ, ಕಣಿವೆಯ ಬೆಳೆಗಾರರೆಲ್ಲ ಒಟ್ಟಾಗಿ ನಿಂತರು.

ಈಗ ಹಿಟ್ಟು ತಿಗಣೆಯ ಬಹುದೊಡ್ಡ ಶತ್ರುವಿನ ವಿಷಯ. ಕ್ರಿಪ್ಟೊಲೀಮಸ್ ಮಾಂಟ್ರೋಜಿಯರಿ ಎಂಬ ಈ ಗುಲಗಂಜಿ ಹುಳ ಆಸ್ಟ್ರೇಲಿಯಾದ್ದು. ನ್ಯೂ ಕ್ಯಾಲಿಡೋನಿಯಾದಲ್ಲಿದ್ದ ಫ್ರೆಂಚ್ ಪಾದ್ರಿ, ಕೀಟ ಸಂಗ್ರಾಹಕ ಮೋಂತ್ರೂಜಿಯೆ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ನಾಲ್ಕು ಮಿಲಿಮೀಟರಿನ ಕಪ್ಪು ಮೈ, ಕಿತ್ತಳೆ ಬಣ್ಣದ ತಲೆ ಮತ್ತು ಹಿಂಭಾಗ. 1890ರ ದಶಕದ ಆರಂಭದಲ್ಲಿ ಆಲ್ಬರ್ಟ್ ಕೋಬೆಲ್ ಇದನ್ನು ಕಿತ್ತಳೆ ತೋಟಗಳ ಹಿಟ್ಟು ತಿಗಣೆಗೆಂದು ಕ್ಯಾಲಿಫೋರ್ನಿಯಾಕ್ಕೆ ತಂದರು. ಭಾರತಕ್ಕೆ ಬಂದದ್ದು 1898ರಲ್ಲಿ; ತಂದವರು ಎಚ್. ಓ. ನ್ಯೂಪೋರ್ಟ್, ತಂದದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು. ಆ ಕೆಲಸದಲ್ಲಿ ಅದು ಸೋತಿತು. ಅದರ ಇಷ್ಟದ ಊಟ ಹಿಟ್ಟು ತಿಗಣೆ, ಶಲ್ಕ ಕೀಟವಲ್ಲ. ಪ್ರಯೋಗ ವಿಫಲವೆಂದು ಜನ ಮರೆತರು. ಹುಳ ಮಾತ್ರ ದಕ್ಷಿಣ ಭಾರತದ ತೋಟಗಳಲ್ಲಿ ತನ್ನ ಪಾಡಿಗೆ ತಾನು ನೆಲೆ ನಿಂತಿತು. 1970ರ ದಶಕದಲ್ಲಿ ಕರ್ನಾಟಕದ ಕಾಫಿ, ಕಿತ್ತಳೆ ತೋಟಗಳಲ್ಲಿ ಅದು ಮತ್ತೆ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಬೆಂಗಳೂರು ಸುತ್ತಮುತ್ತಲ ದ್ರಾಕ್ಷಿಯಲ್ಲಿ ಹಿಟ್ಟು ತಿಗಣೆ ಕಾಡುತ್ತಿದ್ದ 1980ರ ದಶಕದಲ್ಲಿ ಎಂ. ಮಣಿ ಮತ್ತು ಟಿ. ಎಸ್. ತೊಂಟದಾರ್ಯ ಈ ಹುಳವನ್ನು ತೋಟಗಳಲ್ಲಿ ಬಿಟ್ಟು ಪರೀಕ್ಷಿಸಿದರು. ಹೊಟ್ಟೆಬಾಕತನದ ಲೆಕ್ಕವನ್ನೂ ಹಾಕಿದರು: ಒಂದು ಮರಿ ಬೆಳೆದು ಕೋಶವಾಗುವಷ್ಟರಲ್ಲಿ ಎಂಟುನೂರಕ್ಕೂ ಹೆಚ್ಚು ತಿಗಣೆ ಮೊಟ್ಟೆಗಳನ್ನು ತಿಂದುಬಿಡಬಲ್ಲದು. ಹೆಕ್ಟೇರಿಗೆ 5000 ದುಂಬಿ ಬಿಡಬೇಕೆಂಬ ಇಂದಿನ ಶಿಫಾರಸಿನ ಹಿಂದೆ ಇಂಥ ಕೆಲಸವಿದೆ.

ಅಷ್ಟೊಂದು ದುಂಬಿಗಳನ್ನು ತಯಾರಿಸುವುದು ಸಿಹಿಗುಂಬಳಕಾಯಿಯ ಮೇಲೆ. ಚೆನ್ನಾಗಿ ಹಣ್ಣಾದ, ಏಣುಗಳಿರುವ ಕಾಯಿಯನ್ನು ಆರಿಸಿ ಒರೆಸುತ್ತಾರೆ. ಕೊಳೆಯದಿರಲೆಂದು ಶಿಲೀಂಧ್ರನಾಶಕದ ನೀರಿನಲ್ಲಿ ಅದ್ದಿ, ಎಲ್ಲಾದರೂ ಗಾಯವಿದ್ದರೆ ಮೇಣ ಕರಗಿಸಿ ಮುಚ್ಚುತ್ತಾರೆ. ಅದರ ಮೇಲೆ ತಿಗಣೆಯ ಮರಿಗಳನ್ನು ಬಿಟ್ಟರೆ ಎರಡು ಮೂರು ವಾರದಲ್ಲಿ ಕುಂಬಳಕಾಯಿ ಬೆಳ್ಳಗಾಗುತ್ತದೆ. ಆಗ ಜಾಲರಿ ಪೆಟ್ಟಿಗೆಯಲ್ಲಿಟ್ಟು ದುಂಬಿಗಳನ್ನು ಬಿಡುತ್ತಾರೆ. ಅವು ಮೊಟ್ಟೆಯಿಟ್ಟು, ಮರಿಗಳು ತಿಂದು ಬೆಳೆದು, ಕೋಶ ಕಟ್ಟಿ, ಹೊಸ ದುಂಬಿ ಹೊರಬರಲು ಇನ್ನೊಂದು ತಿಂಗಳು. ಒಂದು ಕಾಯಿಯಿಂದ ನೂರೈವತ್ತರ ಮೇಲೆ ದುಂಬಿ ಸಿಗುತ್ತವೆ. ಕುಂಬಳ, ಮೇಣ, ಮರದ ಪೆಟ್ಟಿಗೆ ಇಷ್ಟೇ ಸಾಮಗ್ರಿ. ಹಳ್ಳಿಯ ಮಹಿಳಾ ಸಂಘವೊಂದು ಕಲಿತು ನಡೆಸಬಹುದಾದ ಉದ್ಯೋಗ ಇದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಮತ್ತು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎರಡಕ್ಕೂ ಈ ವಿದ್ಯೆಯಲ್ಲಿ ದಶಕಗಳ ಅನುಭವವಿದೆ.

ಈ ದುಂಬಿಯನ್ನು ತೋಟಕ್ಕೆ ಬಿಟ್ಟವರು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಇದರ ಮರಿ ನೋಡಲು ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಮೈತುಂಬ ಅದೇ ಬಿಳಿ ಮೇಣ. ತಿಗಣೆಯ ಗುಂಪಿನ ನಡುವೆ ಇರುವೆಗಳ ಕಾಟವಿಲ್ಲದೆ ಸೇರಿಕೊಳ್ಳಲು ಅದಕ್ಕೆ ಈ ವೇಷ ನೆರವಾಗುತ್ತದೆ. ದುಂಬಿ ಬಿಟ್ಟ ಹತ್ತು ಹದಿನೈದು ದಿನಕ್ಕೆ ಗೊಂಚಲು, ಕಡ್ಡಿಗಳ ಮೇಲೆ ಮೊದಲಿಗಿಂತ ದೊಡ್ಡ ಬಿಳಿ ಹುಳಗಳು ಕಂಡಾಗ, ತಿಗಣೆ ಇಮ್ಮಡಿಯಾಯಿತೆಂದು ಗಾಬರಿಯಾಗಿ ಔಷಧಿ ಹೊಡೆದ ಬೆಳೆಗಾರರಿದ್ದಾರೆ. ತಾವೇ ದುಡ್ಡು ಕೊಟ್ಟು ತಂದದ್ದನ್ನು ತಾವೇ ಕೊಂದಂತಾಯಿತು. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ತಿಗಣೆ ಮೂರು ಮಿಲಿಮೀಟರ್ ದಾಟುವುದು ಅಪರೂಪ, ದುಂಬಿಯ ಮರಿ ಸೆಂಟಿಮೀಟರನ್ನೂ ಮೀರಿ ಬೆಳೆಯುತ್ತದೆ. ಮರಿಯ ಮೇಣ ಉದ್ದುದ್ದ ಕುಚ್ಚುಗಳಾಗಿ ಜೋತಿರುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಿಗಣೆ ಅಲ್ಲಾಡುವುದೇ ಇಲ್ಲ ಎನ್ನಬೇಕು, ಮರಿ ಸರಸರನೆ ನಡೆದುಹೋಗುತ್ತದೆ.

ದುಂಬಿಗೂ ಮಿತಿಗಳಿವೆ. ತಿಗಣೆ ತೀರ ಕಡಿಮೆಯಿದ್ದರೆ ಅದು ಹಸಿವಿನಿಂದ ಹಾರಿಹೋಗುತ್ತದೆ, ಗುಂಪು ಕಟ್ಟಿದ ಕಡೆ ಮಾತ್ರ ನಿಲ್ಲುತ್ತದೆ. ಚದುರಿದ ತಿಗಣೆಯನ್ನು ಹುಡುಕಿ ಹಿಡಿಯುವ ಕೆಲಸವನ್ನು ಅನಾಗೈರಸ್ ಡ್ಯಾಕ್ಟಿಲೋಪಿ ಎಂಬ ಸ್ಥಳೀಯ ಕಣಜ ಮಾಡುತ್ತದೆ. ಎರಡೂ ಇರಬೇಕಾದರೆ ಸಿಂಪರಣೆಯ ಪಟ್ಟಿಯನ್ನು ಮೊಟಕು ಮಾಡಲೇಬೇಕು. ದುಂಬಿ ಬಿಡುವ ಮುಂಚೆಯೂ ಬಿಟ್ಟ ಮೇಲೂ ಕೆಲವು ವಾರ ಕಟು ಔಷಧಿ ಮುಟ್ಟಬಾರದು. ಚಿಕ್ಕ ತಿಗಣೆಗಳು ಮೈ ಬದಲಿಸದಂತೆ ತಡೆಯುವ ಬುಪ್ರೊಫೆಜಿನ್‌ನಂಥ ಔಷಧಿ ಕಣಜಕ್ಕೆ ಅಷ್ಟಾಗಿ ತೊಂದರೆ ಕೊಡದಿದ್ದರೂ ಗುಲಗಂಜಿ ಹುಳದ ಮರಿಗಳಿಗೆ ಒಳ್ಳೆಯದಲ್ಲ. ಸುರಕ್ಷಿತ ಎಂಬ ಚೀಟಿ ನೋಡಿ ನಂಬುವುದಲ್ಲ, ಯಾವ ಜೀವಿಗೆ ಸುರಕ್ಷಿತ ಎಂದು ಕೇಳಬೇಕು.

ಬೆಂಗಳೂರಿನ ಅನುಭವ ಹೊರಗೂ ಕೆಲಸಕ್ಕೆ ಬಂತು. 1994ರಲ್ಲಿ ಇದೇ ತಿಗಣೆ ಕೆರಿಬಿಯನ್ ದ್ವೀಪ ಗ್ರೆನಡಾದಲ್ಲಿ ಕಾಣಿಸಿಕೊಂಡು, ಅಕ್ಕಪಕ್ಕದ ದ್ವೀಪಗಳಿಗೂ ಹರಡಿತು. ಅಲ್ಲಿ ಅದನ್ನು ಹತ್ತಿಕ್ಕಲು ಅನಾಗೈರಸ್ ಕಮಾಲಿ ಎಂಬ ಕಣಜದ ಜೊತೆಗೆ ಕ್ರಿಪ್ಟೊಲೀಮಸನ್ನೂ ಬಳಸಿದರು. ಭಾರತದಿಂದಲೂ ದುಂಬಿಗಳು ಹೋದವು. ಆಸ್ಟ್ರೇಲಿಯಾದ ಹುಳವೊಂದು ಕಾಫಿಗೆಂದು ಭಾರತಕ್ಕೆ ಬಂದು, ದ್ರಾಕ್ಷಿಯಲ್ಲಿ ಹೆಸರು ಮಾಡಿ, ವೆಸ್ಟ್ ಇಂಡೀಸಿನ ದಾಸವಾಳವನ್ನು ಉಳಿಸಲು ಹೋಯಿತು.

ಔಷಧಿ ಕಡಿಮೆ ಮಾಡಬೇಕೆಂಬುದಕ್ಕೆ ಪರಿಸರದ ಕಾರಣವಷ್ಟೇ ಅಲ್ಲ, ಮಾರುಕಟ್ಟೆಯ ಕಾರಣವೂ ಇದೆ. 2003ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಅಂಶ ಮಿತಿಗಿಂತ ಹೆಚ್ಚಾಗಿದೆಯೆಂದು ನೆದರ್ಲೆಂಡ್ಸ್‌ನಲ್ಲಿ ತಕರಾರು ಬಂತು. ಅದರ ನಂತರವೇ ರಫ್ತಿನ ದ್ರಾಕ್ಷಿಯನ್ನು ತೋಟದಿಂದಲೇ ಪರೀಕ್ಷಿಸುವ ವ್ಯವಸ್ಥೆ ಶುರುವಾಯಿತು. 2006ರಲ್ಲಿ ಗ್ರೇಪ್‌ನೆಟ್ ಬಂದ ಮೇಲೆ ಪ್ರತಿ ಪೆಟ್ಟಿಗೆಯೂ ಯಾವ ತೋಟದ್ದೆಂದು ಹೇಳಬಹುದಾಯಿತು. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಈ ಪರೀಕ್ಷೆಗಳಿಗೆ ಮುಖ್ಯ ಪ್ರಯೋಗಾಲಯ. ಆದರೆ ರಫ್ತಾಗುವುದು ಬೆಳೆಯ ಒಂದು ಸಣ್ಣ ಪಾಲು. ಉಳಿದದ್ದು ನಮ್ಮ ಸಂತೆಗಳಿಗೆ, ನಮ್ಮ ಮಕ್ಕಳ ಬಾಯಿಗೆ ಬರುತ್ತದೆ. ಹೊರದೇಶದ ಗ್ರಾಹಕನಿಗೆ ಸಿಗುವ ಎಚ್ಚರಿಕೆ ಇಲ್ಲಿಯ ಗ್ರಾಹಕನಿಗೂ ಸಿಗಬೇಕು. ಹಿಟ್ಟು ತಿಗಣೆಗೆ ದ್ರಾಕ್ಷಿ ತೋಟಗಳಲ್ಲಿ ಬಹುಕಾಲ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಔಷಧಿಯನ್ನು 2020ರ ಕೊನೆಯಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಒಂದು ಔಷಧಿ ಹೋದಾಗ ಇನ್ನೊಂದರ ಹೆಸರು ಕೇಳುವುದಕ್ಕಿಂತ, ತಿಗಣೆಯನ್ನು ಗೊಂಚಲಿಗೆ ಬರುವ ಮುಂಚೆ ಹಿಡಿಯುವುದನ್ನು ಕಲಿಯುವುದು ಮೇಲು.

ತೋಟದಲ್ಲಿ ಅತಿ ಹೆಚ್ಚು ನೋಡುವವರು ಯಾರೆಂದು ಯೋಚಿಸಿದರೆ ಉತ್ತರ ಸುಲಭ. ಗೊಂಚಲನ್ನು ಹಾರ್ಮೋನ್ ದ್ರಾವಣದಲ್ಲಿ ಅದ್ದುವವರು, ಹೆಚ್ಚಿನ ಕಾಯಿಗಳನ್ನು ಕತ್ತರಿಯಿಂದ ಬಿಡಿಸುವವರು ಬಹುಪಾಲು ಹೆಣ್ಣುಮಕ್ಕಳು. ಒಂದು ಹಂಗಾಮಿನಲ್ಲಿ ತೋಟದ ಪ್ರತಿಯೊಂದು ಗೊಂಚಲೂ ಅವರ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಾದುಹೋಗುತ್ತದೆ. ಯಾವ ಬಲೆಗೂ, ಯಾವ ಮೊಬೈಲ್ ಆ್ಯಪಿಗೂ ಅಷ್ಟು ನೋಟ ಸಾಧ್ಯವಿಲ್ಲ. ಆದರೆ ಹುಳ ಕಂಡರೆ ಹೇಳಿ ಎಂದು ಅವರನ್ನು ಕೇಳುವವರು ವಿರಳ. ಅವರಿಗೆ ತಿಗಣೆ ಯಾವುದು, ದುಂಬಿಯ ಮರಿ ಯಾವುದು ಎಂದು ತೋರಿಸಿಕೊಟ್ಟು, ಸೊಂಟಕ್ಕೊಂದು ಬಣ್ಣದ ದಾರದ ಉಂಡೆ ಸಿಕ್ಕಿಸಿಕೊಟ್ಟರೆ, ಗುರುತಾದ ಬಳ್ಳಿಗಳ ಲೆಕ್ಕ ಸಂಜೆಗೆ ಸಿದ್ಧವಾಗಿರುತ್ತದೆ. ಆ ಕೆಲಸಕ್ಕೆ ಕೂಲಿಯ ಮೇಲೆ ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯವೂ ಹೌದು.

ದುಂಬಿ ಬೇಕೆನ್ನುವವರು ಒಂದು ಮಾತು ನೆನಪಿಡಬೇಕು. ಅದು ಅಂಗಡಿಯ ಕಪಾಟಿನಲ್ಲಿ ಇಟ್ಟು ಮಾರುವ ಸರಕಲ್ಲ. ಕುಂಬಳಕಾಯಿ ಬೆಳ್ಳಗಾಗಲು ಎರಡು ಮೂರು ವಾರ, ದುಂಬಿ ಹೊರಬರಲು ಮತ್ತೊಂದು ತಿಂಗಳು ಬೇಕು. ಫೆಬ್ರುವರಿಯಲ್ಲಿ ಗೊಂಚಲು ಅಂಟಾದ ಮೇಲೆ ಪ್ರಯೋಗಾಲಯಕ್ಕೆ ಫೋನ್ ಮಾಡಿದರೆ ಸಿಗುವ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ. ಅಕ್ಟೋಬರ್ ಚಾಟ್ನಿಗೆ ಆಳು ಗೊತ್ತು ಮಾಡುವಾಗಲೇ ದುಂಬಿಗೂ ಹೇಳಿಡಿ.